ಗೇಟಿನ ಸದ್ದಿಗೆ ಎಚ್ಚರವಾಗುವವರು

ಕುಡಿಯುವವರಿರುವ ಮನೆಯಲ್ಲಿ ಎಲ್ಲರಿಗೂ ಒಂದು ವಿದ್ಯೆ ಯಾರೂ ಕಲಿಸದೆ ಬಂದುಬಿಡುತ್ತದೆ. ಗೇಟಿನ ಸದ್ದು ಕೇಳಿಯೇ ಈ ರಾತ್ರಿ ಹೇಗೆ ಕಳೆಯುತ್ತದೆ ಅಂತ ಹೇಳುವ ವಿದ್ಯೆ. ಚಿಲಕ ಒಂದೇ ಸಲಕ್ಕೆ ಸರಿದರೆ ಪರವಾಗಿಲ್ಲ. ಎರಡು ಮೂರು ಸಲ ತಡಕಾಡಿದರೆ ಟಿವಿ ಆರಿಸಬೇಕು, ಮಕ್ಕಳನ್ನು ರೂಮಿಗೆ ಕಳಿಸಬೇಕು, ಏನೂ ಗೊತ್ತಿಲ್ಲದವರ ಹಾಗೆ ಕೂರಬೇಕು. ನಮ್ಮ ಮನೆಯಲ್ಲಿ ಚಿಲಕ ತಡಕಾಡುತ್ತಿದ್ದವನು ಅಣ್ಣ. ಆ ಸದ್ದಿಗೆ ಅತ್ತಿಗೆ ಎದ್ದು ಕೂರುತ್ತಿದ್ದರು. ಅಣ್ಣ ಮನೆಯಲ್ಲೇ ಮಲಗಿರುವ ದಿನವೂ, ಪಕ್ಕದ ಮನೆಯ ಗೇಟು ಕಿರ್ ಅಂದರೂ, ಎದ್ದು ಕೂರುತ್ತಿದ್ದರು.

ಸಿಕ್ಕವರೆಲ್ಲ ಅಣ್ಣನ ಬಗ್ಗೆ ಕೇಳುತ್ತಿದ್ದರು. "ಈಗ ಹೇಗಿದ್ದಾನೆ? ಕಮ್ಮಿ ಮಾಡಿದ್ನಾ?" ಅತ್ತಿಗೆಗೆ ನಿದ್ದೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಣ್ಣ ಸರಿಹೋದರೆ ಎಲ್ಲ ಸರಿಹೋಗುತ್ತದೆ, ಅಲ್ಲಿಯವರೆಗೆ ಹೇಗೋ ತಳ್ಳಬೇಕು ಅಂತಲೇ ಎಲ್ಲರ ಲೆಕ್ಕ. ಆ ಲೆಕ್ಕ ತಪ್ಪು ಅಂತ ತಿಳಿಯುವುದಕ್ಕೆ ನಮಗೆ ಒಂಬತ್ತು ವರ್ಷ ಬೇಕಾಯಿತು. ಮನೆಯವರ ಚೇತರಿಕೆ ಬೇರೆಯೇ ಒಂದು ಕೆಲಸ. ಅದನ್ನು ಶುರು ಮಾಡಲು ಕುಡಿಯುವವರು ಕುಡಿತ ಬಿಡುವವರೆಗೆ ಕಾಯಬೇಕಿಲ್ಲ. ಕಾಯದೆ ಶುರು ಮಾಡಿದರೆ ಅವರು ಚಿಕಿತ್ಸೆಗೆ ಬರುವ ಸಾಧ್ಯತೆಯೂ ಹೆಚ್ಚಾಗಬಹುದು. ಇದು ಹೇಗೆ ಅಂತ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ. ಇಲ್ಲಿ ಕುಡಿತ ಅಂತಲೇ ಜಾಸ್ತಿ ಬರೆದಿದ್ದೇನೆ, ನನಗೆ ಗೊತ್ತಿರುವುದು ಅದು. ಆದರೆ ಗಾಂಜಾ, ಮಾತ್ರೆ, ಆನ್‌ಲೈನ್ ಜೂಜು ಯಾವುದೇ ಇರಲಿ, ಮನೆಯವರ ಪಾಡು ಹೆಚ್ಚು ಕಡಿಮೆ ಒಂದೇ.

ಮೈಗೆ ಆಗುವುದೇನು

ಅಪಾಯ ಬಂದಾಗ ನಮ್ಮ ಮೈ ತಾನಾಗಿಯೇ ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ, ಹಿಂದೆಯೇ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಬರುತ್ತದೆ. ಅಪಾಯ ಕಳೆದ ಮೇಲೆ ಎಲ್ಲ ಇಳಿಯಬೇಕು. ಚಟವಿರುವ ಮನೆಯಲ್ಲಿ ಅದು ಪೂರ್ತಿ ಇಳಿಯುವುದೇ ಇಲ್ಲ. ಯಾಕೆಂದರೆ ಅಪಾಯ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ. ದಿನಾ ಗಲಾಟೆಯಾದರೆ ಮೈ ಹೇಗೋ ಒಗ್ಗಿಕೊಳ್ಳುತ್ತದೆಯೋ ಏನೋ. ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಗಲಾಟೆ, ಮತ್ತೆ ಎರಡು ವಾರ ಶಾಂತಿ, ಆಮೇಲೆ ಸಂಬಳದ ದಿನ ಫೋನ್ ಸ್ವಿಚ್ ಆಫ್. ಈ ಅನಿಶ್ಚಿತತೆಯೇ ಜಾಸ್ತಿ ಹಿಂಡುವುದು. ಚೆನ್ನಾಗಿರುವ ದಿನವೂ ನೆಮ್ಮದಿ ಇರುವುದಿಲ್ಲ. ಇದು ಎಷ್ಟು ದಿನವೋ ಅಂತ ಮನಸ್ಸು ಒಳಗೊಳಗೇ ಎಣಿಸುತ್ತಿರುತ್ತದೆ.

ಹೀಗೆ ವರ್ಷಗಟ್ಟಲೆ ನಡೆದರೆ ನಿದ್ದೆ ಕೆಡುತ್ತದೆ, ತಲೆನೋವು, ಹೊಟ್ಟೆಯ ತೊಂದರೆ, ರಕ್ತದೊತ್ತಡ ಒಂದೊಂದಾಗಿ ಸೇರಿಕೊಳ್ಳುತ್ತವೆ. ಖಿನ್ನತೆ, ಆತಂಕ ಬರುತ್ತವೆ. ಅತ್ತಿಗೆ ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಯಾವ ವೈದ್ಯರೂ "ಮನೆಯಲ್ಲಿ ಹೇಗಿದೆ?" ಅಂತ ಕೇಳಲಿಲ್ಲ. ಅವರಾಗಿಯೇ ಹೇಳಲೂ ಇಲ್ಲ. ಮಾನದ ಪ್ರಶ್ನೆ, ಅಲ್ವಾ?

ಬ್ರಿಟನ್ನಿನ ಮನಃಶಾಸ್ತ್ರಜ್ಞ ಜಿಮ್ ಆರ್ಫರ್ಡ್ ಮತ್ತು ಅವರ ಜೊತೆಗಾರರು ಇಂಥ ಮನೆಗಳನ್ನು ದಶಕಗಳ ಕಾಲ ಹಲವು ದೇಶಗಳಲ್ಲಿ ನೋಡಿದವರು. 2013ರ ಒಂದು ಪ್ರಬಂಧದಲ್ಲಿ ಅವರು ಹಾಕಿದ ಅಂದಾಜು ಹೀಗಿದೆ: ಮನೆಯವರೊಬ್ಬರ ಚಟದಿಂದ ಬಳಲುತ್ತಿರುವ ವಯಸ್ಕರು ಜಗತ್ತಿನಲ್ಲಿ ಏನಿಲ್ಲವೆಂದರೂ ಸುಮಾರು 10 ಕೋಟಿ. ಆದರೂ ಈ ನೋವಿಗೆ ಕಾಯಿಲೆಗಳ ಲೆಕ್ಕದಲ್ಲಿ ಜಾಗವಿಲ್ಲ ಅನ್ನುವುದು ಅವರ ದೂರು.

ಅವರ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ ವಿಷಯ. ಅವರಿಗಿಂತ ಮುಂಚೆ ಮನೆಯವರನ್ನೂ ಒಂದು ಥರ ರೋಗಿಗಳ ಹಾಗೆ ನೋಡುವ ರೂಢಿ ಇತ್ತು. "ಇವಳಿಗೂ ಅವನ ಕುಡಿತ ಒಳಗೊಳಗೇ ಬೇಕು" ಅನ್ನುವಂಥ ಮಾತು. 1980ರ ದಶಕದಲ್ಲಿ ಬಳಕೆಗೆ ಬಂದ 'ಕೋಡಿಪೆಂಡೆನ್ಸಿ' (ಚಟವಿರುವವರಿಗೆ ಅತಿಯಾಗಿ ಅಂಟಿಕೊಂಡು ಬದುಕುವುದು) ಅನ್ನುವ ಪದ ಆ ಧಾಟಿಯಲ್ಲೇ ಹೆಸರು ಮಾಡಿತು. ಕೆಲವರಿಗೆ ಆ ಪದದಿಂದ ತಮ್ಮನ್ನು ಅರ್ಥ ಮಾಡಿಕೊಳ್ಳಲು ಸಹಾಯವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ವೈದ್ಯರು ಗುರುತಿಸುವ ಕಾಯಿಲೆಗಳ ಪಟ್ಟಿಯಲ್ಲಿಲ್ಲ. ಆರ್ಫರ್ಡ್ ಗುಂಪಿನವರು ಹೇಳುವುದು ಸರಳ. ಮನೆಯವರಲ್ಲಿ ಏನೂ ಐಬಿಲ್ಲ. ಅವರು ಮಾಮೂಲಿ ಜನ, ಸಿಕ್ಕಿಹಾಕಿಕೊಂಡಿರುವ ಪರಿಸ್ಥಿತಿ ವಿಪರೀತದ್ದು. ಆ ಒತ್ತಡ ಮೈಮನಸ್ಸನ್ನು ಕೆಡಿಸುತ್ತದೆ. ಅದನ್ನು ಎದುರಿಸುವ ರೀತಿ ಮತ್ತು ಸಿಗುವ ಆಸರೆ, ಈ ಎರಡರ ಮೇಲೆ ಎಷ್ಟು ಕೆಡುತ್ತದೆ ಅನ್ನುವುದು ನಿಂತಿದೆ. ಒತ್ತಡ ನಮ್ಮ ಕೈಯಲ್ಲಿಲ್ಲದಿರಬಹುದು. ಉಳಿದೆರಡನ್ನು ಬದಲಿಸಬಹುದು.

ಎದುರಿಸುವ ರೀತಿಗಳನ್ನು ಅವರು ಮೂರು ಗುಂಪು ಮಾಡುತ್ತಾರೆ. ಒಂದು, ಮೈಮೇಲೆ ಬಿದ್ದು ಬದಲಿಸಲು ನೋಡುವುದು: ಬೈಯುವುದು, ಬೇಡುವುದು, ಜೇಬು ತಡಕುವುದು, ಬಾಟಲಿ ಸುರಿಯುವುದು. ಇನ್ನೊಂದು, ಸಹಿಸುವುದು: ದುಡ್ಡು ಕೊಡುವುದು, ಮುಚ್ಚಿಡುವುದು, ಸುಮ್ಮನಿರುವುದು. ಮತ್ತೊಂದು, ದೂರ ಸರಿದು ತನ್ನ ಬದುಕು ನೋಡಿಕೊಳ್ಳುವುದು. ಹೆಚ್ಚಿನವರು ಒಂದೇ ವಾರದಲ್ಲಿ ಈ ಮೂರನ್ನೂ ಮಾಡಿರುತ್ತಾರೆ. ಸೋಮವಾರ ಕೂಗಾಟ, ಬುಧವಾರ ಸಾಲ ತೀರಿಸಲು ದುಡ್ಡು, ಶನಿವಾರ ತವರಿಗೆ. ಎಲ್ಲರಿಗೂ ಸರಿಹೊಂದುವ ದಾರಿ ಇದೇ ಅಂತ ಆರ್ಫರ್ಡ್ ಯಾವುದನ್ನೂ ತೋರಿಸುವುದಿಲ್ಲ. ಒಂದೊಂದಕ್ಕೂ ಲಾಭವಿದೆ, ನಷ್ಟವಿದೆ. ನಾನು ಈಗ ಏನು ಮಾಡುತ್ತಿದ್ದೇನೆ, ಅದರಿಂದ ಅವರಿಗೇನಾಗುತ್ತಿದೆ, ನನಗೇನಾಗುತ್ತಿದೆ ಅಂತ ಒಮ್ಮೆ ನಿಂತು ನೋಡಿಕೊಳ್ಳಿ ಅನ್ನುತ್ತಾರೆ, ಅಷ್ಟೆ.

ಬೆಳಿಗ್ಗೆ ಎಂಟೂವರೆಯ ಫೋನು

ಅತ್ತಿಗೆ ಅಣ್ಣನ ಆಫೀಸಿಗೆ ಫೋನ್ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಫೋನ್ ಹಚ್ಚುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಸರ್, ಇವರಿಗೆ ರಾತ್ರಿಯಿಂದ ಜ್ವರ." ಆಮೇಲೆ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ 'ಜ್ವರ' ಅಂತ ಬರೆಯುತ್ತಿದ್ದರು. ಒಂದೇ ತಿಂಗಳಲ್ಲಿ ಎರಡು ಸಲ ಜ್ವರ ಆಗಬಾರದಲ್ಲ! ಮುಂದಿನ ಸಲ ಹೊಟ್ಟೆನೋವು, ಅದರ ಮುಂದಿನ ಸಲ ಮಗಳ ಶಾಲೆ. ಅಣ್ಣ ಹನ್ನೊಂದಕ್ಕೆ ಎದ್ದಾಗ ಕೆಲಸ ಉಳಿದಿರುತ್ತಿತ್ತು. ರಾತ್ರಿಯ ಕುಡಿತದ ಬೆಲೆಯನ್ನು ಅಷ್ಟೊತ್ತಿಗೆ ಅತ್ತಿಗೆ ತೆತ್ತಾಗಿರುತ್ತಿತ್ತು.

ಅತ್ತಿಗೆಯದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಸಂಬಳದಿಂದಲೇ ಮನೆ ನಡೆಯಬೇಕಿತ್ತು. ಆ ಕ್ಷಣಕ್ಕೆ ಫೋನ್ ಮಾಡದಿರುವುದೇ ಹುಚ್ಚುತನ. ತೊಂದರೆ ಇರುವುದು ಇದು ಮರುಕಳಿಸುವುದರಲ್ಲಿ. ಕುಡಿತದಿಂದ ಸಿಗುವ ಸುಖ ಕುಡಿದವರಿಗೆ, ನಷ್ಟ ಬೇರೆಯವರಿಗೆ ಅಂತಾದರೆ ಬಿಡಲು ಕಾರಣವೇ ಕಾಣುವುದಿಲ್ಲ. ಚಟದ ಹಿಡಿತದಲ್ಲಿರುವ ಮಿದುಳು ಮೊದಲೇ ನಾಳೆಯ ನಷ್ಟಕ್ಕಿಂತ ಇವತ್ತಿನ ಹಿತಕ್ಕೆ ಜಾಸ್ತಿ ಬೆಲೆ ಕಟ್ಟುತ್ತದೆ. ಆ ನಷ್ಟವನ್ನೂ ನಾವೇ ಹೊತ್ತರೆ ಅದಕ್ಕೆ ಎಣಿಸಲು ಉಳಿಯುವುದೇನು?

ಹಾಗಾದರೆ ಸಹಾಯ ಯಾವುದು, ಮುಚ್ಚಿಹಾಕುವುದು ಯಾವುದು? ನಾನು ಬಳಸುವ ಅಳತೆ ಇದು: ನಾನು ಮಾಡುವ ಕೆಲಸದಿಂದ ಸುಲಭವಾಗುವುದು ಕುಡಿಯುವುದೋ, ಕುಡಿಯದಿರುವುದೋ? ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎರಡನೆಯದು. ಸಾಲದ ಆ್ಯಪಿನ ಕಂತು ಕಟ್ಟುವುದು ಮೊದಲನೆಯದು. ಕೆಲವು ಇವೆರಡರ ನಡುವೆ ಬೀಳುತ್ತವೆ. ಮಕ್ಕಳ ಫೀಸು, ಮನೆ ಬಾಡಿಗೆ ಇಂಥವು ಬಿಟ್ಟರೆ ಪೆಟ್ಟು ಬೀಳುವುದು ಕುಡಿಯುವವರಿಗಲ್ಲ, ಮನೆಯ ಉಳಿದವರಿಗೆ. ಅಂಥವನ್ನು ಬಿಡಬೇಕಿಲ್ಲ. ಜೀವಕ್ಕೆ ಅಪಾಯವಿದ್ದಾಗ ಈ ಅಳತೆಯೆಲ್ಲ ಪಕ್ಕಕ್ಕೆ. ಅಂಗಾತ ಬಿದ್ದು ವಾಂತಿ ಮಾಡಿಕೊಳ್ಳುತ್ತಿರುವವರನ್ನು ಪಕ್ಕಕ್ಕೆ ಹೊರಳಿಸಲೇಬೇಕು. 'ಪಾಠ ಕಲೀಲಿ' ಅಂತ ಬಿಟ್ಟು ನಡೆಯುವ ಜಾಗವಲ್ಲ ಅದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ಕೈಚೆಲ್ಲುತ್ತಾರೆ. ದುಡ್ಡು ಕೊಡುವುದನ್ನು ನಿಲ್ಲಿಸಿದ ಕೂಡಲೇ ಪರಿಸ್ಥಿತಿ ಸುಧಾರಿಸುವುದಿಲ್ಲ, ಮೊದಲು ಕೆಡುತ್ತದೆ. ಇಷ್ಟು ದಿನ ಎರಡು ಸಲ ಕೇಳಿದರೆ ಸಿಗುತ್ತಿದ್ದದ್ದು ಈಗ ಸಿಗದಿದ್ದರೆ ಹತ್ತು ಸಲ ಕೇಳುತ್ತಾರೆ. ಅಳುತ್ತಾರೆ, ಕೂಗುತ್ತಾರೆ, ಆಣೆ ಇಡುತ್ತಾರೆ. ಹತ್ತನೇ ಸಲ ಕೊಟ್ಟರೆ ಅವರು ಕಲಿಯುವುದು ಒಂದೇ, ಹತ್ತು ಸಲ ಕೇಳಬೇಕು ಅಂತ. ಹಾಗಾಗಿ ನಡೆಸಲಾಗದ ಗೆರೆಯನ್ನು ಎಳೆಯಲೇಬಾರದು. "ಇನ್ನೊಮ್ಮೆ ಕುಡಿದರೆ ಮನೆಯಿಂದ ಆಚೆ ಹಾಕ್ತೀನಿ" ಅನ್ನುವ ಮಾತನ್ನು ಇಪ್ಪತ್ತು ಸಲ ಹೇಳುವುದಕ್ಕಿಂತ "ಕುಡಿದು ಬಂದ ರಾತ್ರಿ ನಾನು ನಿನ್ನ ಜೊತೆ ಮಾತಾಡಲ್ಲ, ಮಗಳ ರೂಮಿನಲ್ಲಿ ಮಲಗ್ತೀನಿ" ಅಂತ ಒಮ್ಮೆ ಹೇಳಿ ಹಾಗೇ ಮಾಡುವುದು ವಾಸಿ. ಮೊದಲನೆಯದರಲ್ಲಿ ಅವರನ್ನು ಕಟ್ಟಿಹಾಕಲು ನೋಡುತ್ತಿದ್ದೀರಿ. ಎರಡನೆಯದು ನಿಮ್ಮ ಕೈಯಲ್ಲೇ ಇದೆ. ಮಾತಾಡುವ ಹೊತ್ತೂ ಮುಖ್ಯ. ಕುಡಿದಿರುವಾಗ ಹೇಳಿದ್ದೆಲ್ಲ ನೀರಿನಲ್ಲಿ ಹೋಮ. ಮಾರನೇ ದಿನ, ತಲೆ ತಿಳಿಯಾಗಿರುವಾಗ, ಎರಡು ಮಾತಿನಲ್ಲಿ ಮುಗಿಸಬೇಕು.

130 ಜನ, ಮೂರು ದಾರಿ

"ಪಾತಾಳ ಮುಟ್ಟಿದ ಮೇಲೇ ಬುದ್ಧಿ ಬರೋದು, ಅಲ್ಲಿವರೆಗೆ ಯಾರೇನೂ ಮಾಡಕ್ಕಾಗಲ್ಲ" ಅಂತ ನಮಗೆ ಹೇಳಿದವರು ಎಷ್ಟೋ ಜನ. ಎಷ್ಟೋ ಮನೆಗಳನ್ನು ಈ ಮಾತು ಸುಮ್ನೆ ಕೂರಿಸಿದೆ. ಪಾತಾಳ ಮುಟ್ಟುವ ಮುಂಚೆಯೇ ಸತ್ತವರಿದ್ದಾರೆ. ಹಾಗೇ ಎದುರುಗಡೆಯ ಸಲಹೆಯೂ ಇದೆ: ಎಲ್ಲ ಸಂಬಂಧಿಕರು ಸೇರಿ, ಹೇಳದೆ ಕೇಳದೆ ಸುತ್ತ ಕೂತು, ಒಬ್ಬೊಬ್ಬರಾಗಿ ಅವರಿಂದಾದ ನೋವು ಹೇಳಿ, ಅಲ್ಲಿಂದಲೇ ಚಿಕಿತ್ಸೆಗೆ ಒಯ್ಯುವುದು. 1960ರ ದಶಕದಲ್ಲಿ ಅಮೆರಿಕದ ವರ್ನನ್ ಜಾನ್ಸನ್ ಅನ್ನುವ ಪಾದ್ರಿ ರೂಪಿಸಿದ ವಿಧಾನ ಇದು.

ಈ ಎರಡಕ್ಕೂ ಹೊರತಾದ ಒಂದು ದಾರಿಯನ್ನು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ರಾಬರ್ಟ್ ಮೈಯರ್ಸ್ ಬೆಳೆಸಿದರು. 'ಕಮ್ಯುನಿಟಿ ರೀಇನ್‌ಫೋರ್ಸ್‌ಮೆಂಟ್ ಅಂಡ್ ಫ್ಯಾಮಿಲಿ ಟ್ರೈನಿಂಗ್' ಅಂತ ಅದರ ಹೆಸರು, ಕ್ರಾಫ್ಟ್ ಅಂತ ಚಿಕ್ಕದಾಗಿ ಕರೆಯುತ್ತಾರೆ. ಇದರಲ್ಲಿ ಸಲಹೆಗಾರರ ಮುಂದೆ ಕೂರುವುದು ಕುಡಿಯುವವರಲ್ಲ, ಮನೆಯವರು. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಮಾತಾದ ಮೇಲೆ ಕುಡಿತ ಶುರುವಾಗುತ್ತದೆ ಅಂತ ಗಮನಿಸಲು ಅವರು ಕಲಿಯುತ್ತಾರೆ. ಕುಡಿಯದಿರುವ ಹೊತ್ತನ್ನು ಹಿತವಾಗಿಸುವುದು: ಜೊತೆಗೆ ಒಂದು ವಾಕಿಂಗ್, ಒಂದು ಒಳ್ಳೆಯ ಮಾತು, ಇಷ್ಟದ ಆಟ. ಕುಡಿದಾಗ ಆ ಹಿತವನ್ನು ಜಗಳವಿಲ್ಲದೆ ವಾಪಸ್ ಪಡೆಯುವುದು. ಕುಡಿತದ ಸಹಜ ಫಲಕ್ಕೆ ಅಡ್ಡ ನಿಲ್ಲದಿರುವುದು. "ನೀನು ಯಾವಾಗಲೂ ಹೀಗೇ" ಅನ್ನುವ ಬದಲು "ನಿನ್ನೆ ನೀನು ಬರಲಿಲ್ಲ, ನನಗೆ ಭಯವಾಯಿತು" ಅನ್ನುವುದು. ಜೊತೆಗೆ, ಮನೆಯವರ ಸ್ವಂತ ಬದುಕಿಗೆ ಗೆಳೆಯರನ್ನು, ಹವ್ಯಾಸವನ್ನು, ನಗುವನ್ನು ವಾಪಸ್ ತರುವುದು. ಇದು ಉಪ್ಪಿನಕಾಯಿಯಂತೆ ಪಕ್ಕಕ್ಕಿಟ್ಟದ್ದಲ್ಲ, ಕ್ರಾಫ್ಟ್‌ನ ಮುಖ್ಯ ಗುರಿಗಳಲ್ಲೇ ಒಂದು.

1999ರಲ್ಲಿ ವಿಲಿಯಂ ಮಿಲ್ಲರ್, ಮೈಯರ್ಸ್ ಮತ್ತು ಸ್ಕಾಟ್ ಟೋನಿಗನ್ ಈ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಚಿಕಿತ್ಸೆ ಬೇಡವೇ ಬೇಡ ಅನ್ನುತ್ತಿದ್ದ ಕುಡುಕರ ಮನೆಯವರು 130 ಮಂದಿ, ಮೂರು ಗುಂಪು. ಒಂದೊಂದು ಗುಂಪಿಗೂ ಒಂದೊಂದು ದಾರಿ. ಕ್ರಾಫ್ಟ್ ಗುಂಪಿನಲ್ಲಿ ನೂರಕ್ಕೆ 64 ಮಂದಿಯ ಮನೆಯಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದರು. ಜಾನ್ಸನ್ ವಿಧಾನದಲ್ಲಿ 30. ಆ ಗುಂಪಿನ ಬಹಳಷ್ಟು ಕುಟುಂಬಗಳಿಗೆ ಆ ಎದುರಾಬದುರು ಕೂರುವುದನ್ನು ನಡೆಸಲು ಧೈರ್ಯವೇ ಬರಲಿಲ್ಲ. ಮೂರನೇ ಗುಂಪಿನವರನ್ನು ಅಲ್-ಅನಾನ್ ಅನ್ನುವ ಕುಟುಂಬಗಳ ಕೂಟದ ಕಡೆ ಕಳಿಸುವ ಸಲಹೆ ಇತ್ತು. ಅಲ್ಲಿ 13. ಇದನ್ನು ಸೋಲು ಅನ್ನಬಾರದು, ಆ ಕೂಟದ ಉದ್ದೇಶವೇ ಕುಡಿಯುವವರನ್ನು ಕರೆತರುವುದಲ್ಲ.

ಈ ಮೂರು ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಹೇಳುವವರು ಕಡಿಮೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಮೂರೂ ಗುಂಪುಗಳ ಮನೆಯವರು ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಸುಧಾರಿಸಿದರು. ಹದಿಮೂರರ ಗುಂಪಿನವರೂ! ಅಂದರೆ ತಮ್ಮವರು ಚಿಕಿತ್ಸೆಗೆ ಬಾರದಿದ್ದ ಮನೆಗಳ ಜನರೂ. ಯಾರೋ ಒಬ್ಬರು ಅವರನ್ನು ಕೂರಿಸಿಕೊಂಡು, ಅವರ ಕಷ್ಟ ಕೇಳಿ, ದಾರಿ ತೋರಿಸಿದ್ದರು.

ಕ್ರಾಫ್ಟ್‌ನಿಂದ ಇನ್ನೊಂದು ಮಾತು ಎತ್ತಿಕೊಳ್ಳಬಹುದು. "ಸಾಕಾಗಿದೆ, ಏನಾದರೂ ಮಾಡಬೇಕು" ಅಂತ ಅವರ ಬಾಯಲ್ಲಿ ಬರುವ ಗಳಿಗೆ ಬರುತ್ತದೆ, ಬೇಗ ಹೋಗುತ್ತದೆ. ಆಗ ವೈದ್ಯರನ್ನು ಹುಡುಕಲು ಶುರು ಮಾಡಿದರೆ ತಡವಾಯಿತು. ಎಲ್ಲಿಗೆ, ಯಾವ ವಾರ, ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ವಿಚಾರಿಸಿಟ್ಟಿರಬೇಕು. ನಮ್ಮಲ್ಲಿ ಆ ಗಳಿಗೆ ಒಂದು ಶುಕ್ರವಾರ ಸಂಜೆ ಬಂತು. ಸೋಮವಾರದ ಹೊತ್ತಿಗೆ ಹೋಗಿತ್ತು.

ಕಾಳಜಿ ಅಂದರೆ ಏನು

'ನಿಮ್ಮನ್ನು ನೀವು ನೋಡಿಕೊಳ್ಳಿ' ಅನ್ನುವ ಸಲಹೆ ಕೇಳಿದರೆ ನನಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಮನೆಗೆ ಬೆಂಕಿ ಬಿದ್ದಿರುವಾಗ ತಲೆ ಬಾಚಿಕೋ ಅಂದ ಹಾಗೆ. ಆದರೆ ಇಲ್ಲಿ ಕಾಳಜಿ ಅಂದರೆ ಮುಖಕ್ಕೆ ಲೇಪ ಹಚ್ಚಿಕೊಳ್ಳುವುದಲ್ಲ. ನಿದ್ದೆ, ದುಡ್ಡು, ಒಬ್ಬ ಮನುಷ್ಯ. ಈ ಮೂರು ಇದ್ದರೆ ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು.

ನಿದ್ದೆ ಅಂದರೆ ಬೇರೆ ರೂಮು, ಒಳಗಿನಿಂದ ಚಿಲಕ, ರಾತ್ರಿ ಹನ್ನೊಂದರ ಮೇಲೆ ಕಾಯುವುದಿಲ್ಲ ಅನ್ನುವ ತೀರ್ಮಾನ. ಎದ್ದಿದ್ದು ಕಾದರೆ ಅವರು ಬೇಗ ಬರುವುದಿಲ್ಲ ಅಂತ ನೂರಾರು ರಾತ್ರಿಗಳ ಅನುಭವ ಹೇಳುತ್ತಿರುತ್ತದೆ, ಮನಸ್ಸು ಒಪ್ಪುವುದಿಲ್ಲ. ಕಾಯುವುದೂ ಒಂದು ಕೆಲಸ ಮಾಡಿದ ಹಾಗೆ ಅನ್ನಿಸುತ್ತದೆ. ದುಡ್ಡು ಅಂದರೆ ನಿಮ್ಮ ಹೆಸರಿನಲ್ಲೇ ಖಾತೆ, ಪಿನ್ ಬದಲಿಸುವುದು, ಯಾವ ಸಾಲಕ್ಕೂ ಜಾಮೀನು ಸಹಿ ಹಾಕದಿರುವುದು, ಮನೆ ಪತ್ರ ಬೇರೆ ಕಡೆ ಇಡುವುದು. ಜೂಜಿನ ಚಟವಿದ್ದರಂತೂ ಮೊದಲು ಮಾಡಬೇಕಾದದ್ದು ಇದೇ, ಸಲಹೆ ಸೂಚನೆ ಎಲ್ಲ ಆಮೇಲೆ.

ಒಬ್ಬ ಮನುಷ್ಯ ಅಂದರೆ ಸುಳ್ಳು ಹೇಳಬೇಕಿಲ್ಲದ ಒಬ್ಬರು. ಗುಟ್ಟು ಇಟ್ಟುಕೊಳ್ಳುವುದು ಚಟದಷ್ಟೇ ಸುಸ್ತು ಮಾಡುತ್ತದೆ. ನೆಂಟರ ಮದುವೆಗೆ ಹೋಗುವುದು ನಿಲ್ಲುತ್ತದೆ, ಮನೆಗೆ ಯಾರನ್ನೂ ಕರೆಯುವುದಿಲ್ಲ, ಕೊನೆಗೆ ಗೋಡೆಗಳಷ್ಟೇ ಜೊತೆ. ಅತ್ತಿಗೆ ಮೊದಲ ಸಲ ಪೂರ್ತಿ ಕಥೆ ಹೇಳಿದ್ದು ಜೊತೆಯಲ್ಲಿ ಕೆಲಸ ಮಾಡುವ ಒಬ್ಬರ ಹತ್ತಿರ. ಅವರು ಏನೂ ಸಲಹೆ ಕೊಡಲಿಲ್ಲವಂತೆ. "ನಮ್ಮಪ್ಪನೂ" ಅಂದರಂತೆ, ಅಷ್ಟೇ.

ಕೂಟಗಳು ಶುರುವಾಗಿದ್ದೂ ಹೀಗೇ. ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರು ಮಾಡಿದರು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಅದು. ಗಂಡಂದಿರು ಒಳಗೆ ಸಭೆ ನಡೆಸುವಾಗ ಜೊತೆಗೆ ಬಂದ ಹೆಂಡತಿಯರು ಹೊರಗೆ ಕಾಯಬೇಕಿತ್ತು. ಕಾಯುತ್ತಾ ಮಾತಿಗಿಳಿದರು. ಬಿಲ್ ಅವರ ಪತ್ನಿ ಲೋಯಿಸ್ ಮತ್ತು ಅವರ ಗೆಳತಿಯೊಬ್ಬರು 1951ರಲ್ಲಿ ಆ ಮಾತುಕತೆಗೆ ಅಲ್-ಅನಾನ್ ಅನ್ನುವ ರೂಪ ಕೊಟ್ಟರು. 1957ರಲ್ಲಿ ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಬಂತು. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಮೂರು: ಇದು ನನ್ನಿಂದ ಆದದ್ದಲ್ಲ, ಇದನ್ನು ಹಿಡಿತದಲ್ಲಿಡಲು ನನ್ನಿಂದಾಗದು, ಇದನ್ನು ವಾಸಿ ಮಾಡಲೂ ನನ್ನಿಂದಾಗದು. ಮೊದಲನೆಯದು ಸಮಾಧಾನ ಕೊಡುತ್ತದೆ. ಎರಡನೆಯದು ಚುಚ್ಚುತ್ತದೆ. ಅಲ್ಲಿನ ದೇವರ ಮಾತು ಕೆಲವರಿಗೆ ಒಗ್ಗುವುದಿಲ್ಲ. ಅಂಥವರಿಗೆ ಕ್ರಾಫ್ಟ್ ಗೊತ್ತಿರುವ ಸಲಹೆಗಾರರು, ಆಸ್ಪತ್ರೆಗಳ ಕುಟುಂಬ ಗುಂಪುಗಳು ಇವೆ.

ಹೊಡೆತವಿದ್ದರೆ ಈ ಲೇಖನದ ಮುಕ್ಕಾಲು ಪಾಲು ನಿಮಗಲ್ಲ. ಹೊಗಳುವುದು, ಹಿತ ವಾಪಸ್ ಪಡೆಯುವುದು, ಗೆರೆ ಎಳೆಯುವುದು ಇದೆಲ್ಲ ಆಮೇಲೆ. ಮೊದಲು ಜೀವ. ಕಾಗದಪತ್ರ, ಸ್ವಲ್ಪ ದುಡ್ಡು, ಒಂದು ಜೊತೆ ಬಟ್ಟೆ ಇರುವ ಚೀಲವನ್ನು ನಂಬುವವರ ಮನೆಯಲ್ಲಿಟ್ಟಿರಿ. ರಾತ್ರಿ ಯಾವ ಬಾಗಿಲಿನಿಂದ ಹೊರಟು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಯೋಚಿಸಿರಿ. ಕುಡಿತ ಕಾಯಿಲೆ ನಿಜ, ಹೊಡೆಯುವುದಕ್ಕೆ ಅದು ರಜಾ ಚೀಟಿಯಲ್ಲ.

ಗೊತ್ತಿಲ್ಲದೆ ಆಗುವ ಅಪಾಯಗಳು

ಪ್ರೀತಿಯಿಂದ ಮಾಡಿದ್ದೇ ಪ್ರಾಣಕ್ಕೆ ಬರುವುದುಂಟು. ವರ್ಷಗಟ್ಟಲೆ ದಿನಾ ಜೋರಾಗಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಂದೇ ಏಟಿಗೆ ನಿಲ್ಲಿಸಬಾರದು. ಮದ್ಯಕ್ಕೆ ಒಗ್ಗಿದ ಮಿದುಳು ಅದಿಲ್ಲದಾಗ ವಿಪರೀತ ಕೆರಳುತ್ತದೆ. ಕೈನಡುಕ, ಬೆವರು ಮೊದಲು. ಕೊನೆಯ ಗುಟುಕಿನ ನಂತರದ 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅಂತ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ವೈದ್ಯರ ಕೈಯಲ್ಲಿ, ಔಷಧದ ಜೊತೆ ನಿಲ್ಲಿಸಿದರೆ ಇದನ್ನು ತಡೆಯಬಹುದು.

ಇನ್ನೊಂದು, ಅವರಿಗೆ ತಿಳಿಯದ ಹಾಗೆ ಊಟದಲ್ಲಿ ಬೆರೆಸುವ ಪುಡಿ, ಮಾತ್ರೆ. ಅವುಗಳಲ್ಲಿ ಕೆಲವದರಲ್ಲಿ ಇರುವುದು ಡೈಸಲ್ಫಿರಾಮ್. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಮದ್ಯದ ಚಿಕಿತ್ಸೆಗೆ ಬಂದ ಔಷಧ ಇದು. ಇದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ತೆಗೆದುಕೊಂಡವರು ಕುಡಿಯದೆ ಉಳಿಯಲು ಅದು ನೆರವಾಗುತ್ತದೆ. ತಿಳಿಯದವರು ಎಂದಿನಂತೆ ಕುಡಿಯುತ್ತಾರೆ. ಹೃದಯ ದುರ್ಬಲವಾಗಿದ್ದರೆ ಅಲ್ಲಿಗೇ ಮುಗಿಯಬಹುದು.

ಹೆರಾಯಿನ್‌ನಂಥ ಓಪಿಯಾಯ್ಡ್ ಚಟವಿದ್ದರೆ, ಚಿಕಿತ್ಸಾ ಕೇಂದ್ರದಿಂದ ಮನೆಗೆ ಬಂದ ಮೊದಲ ವಾರಗಳೇ ಜಾಸ್ತಿ ಅಪಾಯದವು. ಅಷ್ಟನ್ನು ತಾಳಿಕೊಳ್ಳುವ ಅಭ್ಯಾಸ ಮೈಗೆ ತಪ್ಪಿಹೋಗಿರುತ್ತದೆ, ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ನಲೋಕ್ಸೋನ್ ಅನ್ನುವ ಔಷಧ ಇದನ್ನು ತಿರುಗಿಸಬಲ್ಲದು. ಅದನ್ನು ಮನೆಯಲ್ಲಿಡುವ ಬಗ್ಗೆ ವೈದ್ಯರನ್ನು ಕೇಳಿ.

ಮಕ್ಕಳಿಗೆ ಹೇಳುವುದು

ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂತ ದೊಡ್ಡವರು ನಂಬಿರುತ್ತಾರೆ. ನನ್ನ ಅಣ್ಣನ ಮಗಳು ಆರು ವರ್ಷಕ್ಕೇ ಚಪ್ಪಲಿಯ ಸದ್ದಿನಿಂದ ಹೇಳುತ್ತಿದ್ದಳು. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಬಾಲ್ಯದ ಕಹಿ ಅನುಭವಗಳ ದೊಡ್ಡ ಅಧ್ಯಯನವೊಂದು ಮನೆಯೊಳಗಿನ ವ್ಯಸನವನ್ನೂ ಆ ಕಹಿಗಳಲ್ಲಿ ಒಂದಾಗಿ ಎಣಿಸಿತು. ಇಂಥ ಕಹಿಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಚಟ, ಹೃದಯದ ಕಾಯಿಲೆಗಳ ಸಂಭವ ಹೆಚ್ಚು ಅಂತ ಕಂಡುಕೊಂಡಿತು. ಇದು ಹಣೆಬರಹ ಅಂತ ಅರ್ಥವಲ್ಲ. ನಂಬಿಕೆಯ ಒಬ್ಬ ದೊಡ್ಡವರು ಜೊತೆಗಿದ್ದರೆ ಬಹಳ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ.

ಏನೂ ಹೇಳದೆ ಬಿಟ್ಟರೆ ಮಗು ಕಾರಣವನ್ನು ತನ್ನಲ್ಲೇ ಹುಡುಕುತ್ತದೆ. ನಾನು ಗಲಾಟೆ ಮಾಡಿದ್ದಕ್ಕೆ ಅಪ್ಪ ಕುಡಿದರು ಅಂತ. ಹಾಗಾಗಿ ಅದರ ಮಾತಿನಲ್ಲೇ ಹೇಳಬೇಕು: "ಅಪ್ಪನಿಗೆ ಹುಷಾರಿಲ್ಲ. ಕುಡಿಯುವುದನ್ನು ನಿಲ್ಲಿಸಲು ಅವರಿಗೆ ಕಷ್ಟವಾಗ್ತಿದೆ. ಅದು ನಿನ್ನಿಂದ ಆಗಿದ್ದಲ್ಲ. ನಿಂಗೆ ಭಯವಾದರೆ ನನ್ನ ಹತ್ರ ಹೇಳು, ಚಿಕ್ಕಪ್ಪನ ಹತ್ರನೂ ಹೇಳಬಹುದು." ಯಾರಿಗೂ ಹೇಳಬೇಡ ಅಂತ ಮಾತ್ರ ಹೇಳಬಾರದು. ಕುಡಿದವರನ್ನು ಎಬ್ಬಿಸುವ, ಬಾಟಲಿ ಹುಡುಕುವ ಕೆಲಸಕ್ಕೆ ಮಗುವನ್ನು ಕಳಿಸಲೂಬಾರದು.

ಬಿಟ್ಟ ಮೇಲೆ

ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟರು. ಲೋಯಿಸ್ ಹದಿನೇಳು ವರ್ಷ ಬೇಡಿಕೊಂಡದ್ದು ಕೈಗೂಡಿತು. ಆಮೇಲೆ ಒಂದು ದಿನ ಬಿಲ್ ಸಭೆಗೆ ಹೊರಟು, ತಡವಾಗುತ್ತದೆ ಬೇಗ ಹೊರಡು ಅಂದರು. ಲೋಯಿಸ್ ಕೈಯಲ್ಲಿದ್ದ ಶೂ ಎತ್ತಿ ಅವರ ಮೇಲೆ ಎಸೆದರು. ಆ ಸಿಟ್ಟು ಎಲ್ಲಿಂದ ಬಂತು ಅಂತ ಅವರಿಗೇ ಆಶ್ಚರ್ಯ. ಗಂಡ ಬಿಟ್ಟಾಗಿದೆ, ಇನ್ನೇಕೆ ಸಿಟ್ಟು? ಇಷ್ಟು ವರ್ಷ ತಾನು ಮಾಡಲಾಗದ್ದನ್ನು ಹೊರಗಿನ ಯಾರೋ ಮಾಡಿಬಿಟ್ಟರು ಅನ್ನುವ ನೋವು ಅದರಲ್ಲಿತ್ತು. ಅವರನ್ನು ನೋಡಿಕೊಳ್ಳುವುದೇ ತನ್ನ ಬದುಕಾಗಿತ್ತು, ಈಗ ಆ ಕೆಲಸವೂ ಇಲ್ಲ. ಅಲ್-ಅನಾನ್ ಬೀಜ ಆ ಶೂನಲ್ಲೇ ಇತ್ತು ಅಂದರೂ ತಪ್ಪಿಲ್ಲ.

ಬಿಟ್ಟ ಮನೆಗಳಲ್ಲಿ ಇದು ಸಾಮಾನ್ಯ. ಸಂಕಟ ನಡೆಯುತ್ತಿದ್ದಾಗ ಅದುಮಿಟ್ಟ ಸಿಟ್ಟು ಶಾಂತಿ ಬಂದ ಮೇಲೆ ಏಳುತ್ತದೆ. ದುಡ್ಡು, ಮಕ್ಕಳು, ತೀರ್ಮಾನ ಎಲ್ಲ ಒಬ್ಬರೇ ನಡೆಸಿಕೊಂಡು ಬಂದಿರುತ್ತಾರೆ, ಈಗ ಇನ್ನೊಬ್ಬರು ಬಂದು "ನಾನೂ ಇದೀನಿ" ಅಂದರೆ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಅತ್ತಿಗೆ ಅಣ್ಣನ ಶರ್ಟ್ ಒಗೆಯಲು ಹಾಕುವಾಗ ಮೂಗಿಗೆ ಹಿಡಿಯುವುದನ್ನು ನಾನು ಅವನು ಬಿಟ್ಟು ಏಳು ತಿಂಗಳಾದ ಮೇಲೂ ನೋಡಿದ್ದೇನೆ. ಅವನಿಗೆ ಅದು ಅವಮಾನ. ಅವರಿಗೆ ಅದು ಅಭ್ಯಾಸ. ನಂಬಿಕೆ ಹೋದಷ್ಟು ವೇಗವಾಗಿ ಬರುವುದಿಲ್ಲ.

ಮರಳಿ ಕುಡಿಯುವ ಭಯ ಸುಳ್ಳೂ ಅಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಜಾರುತ್ತಾರೆ ಅನ್ನುವುದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಲೆಕ್ಕ. ಅದರ ಪಕ್ಕದಲ್ಲೇ ರಕ್ತದೊತ್ತಡ, ಅಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವುದು 50ರಿಂದ 70 ಅಂತಲೂ ಅದು ತೋರಿಸುತ್ತದೆ. ಬಿಪಿ ಏರಿತು ಅಂತ ಯಾರೂ ಚಿಕಿತ್ಸೆ ಸೋತಿತು ಅನ್ನುವುದಿಲ್ಲ, ಮಾತ್ರೆ ಬದಲಿಸುತ್ತಾರೆ. ಜಾರಿದರೆ ನಾನೇನು ಮಾಡುತ್ತೇನೆ, ಎಲ್ಲಿ ಮಲಗುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ ಅಂತ ಇಬ್ಬರೂ ಕೂತು, ಎಲ್ಲ ಚೆನ್ನಾಗಿರುವ ದಿನವೇ ಬರೆದಿಟ್ಟುಕೊಂಡರೆ ಆ ರಾತ್ರಿ ಹೊಸದಾಗಿ ಯೋಚಿಸುವ ಕಷ್ಟ ತಪ್ಪುತ್ತದೆ.

ಅಣ್ಣ ಎರಡು ಸಲ ಜಾರಿದ್ದಾನೆ. ಎರಡನೇ ಸಲ ನಾನು ಅಲ್ಲೇ ಇದ್ದೆ. ರಾತ್ರಿ ಹನ್ನೆರಡು ದಾಟಿತ್ತು, ಚಿಲಕ ತಡಕಾಡಿತು, ಹಳೇ ಅಭ್ಯಾಸದಲ್ಲಿ ನಾನು ಎದ್ದು ಕೂತೆ. ಅತ್ತಿಗೆಯ ರೂಮಿನ ಲೈಟ್ ಹತ್ತಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಅವರು ಆಫೀಸಿಗೆ ಹೊರಟಿದ್ದರು, ತಮ್ಮ ಆಫೀಸಿಗೆ. ಅಣ್ಣನ ಫೋನ್ ಅವನ ದಿಂಬಿನ ಪಕ್ಕದಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. "ಅವರ ಮ್ಯಾನೇಜರ್ ಇರಬೇಕು," ಅಂದರು ಅತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ. "ಎದ್ದ ಮೇಲೆ ಅವರೇ ಮಾತಾಡ್ತಾರೆ."